ಕುಂಡದ ಗಿಡದ ಎಲೆ ಹಳದಿಯಾಗುತ್ತಿದೆಯೇ? ಗೊಬ್ಬರ ಹಾಕುವ ಮುನ್ನ ಮಣ್ಣು ಮುಟ್ಟಿ ನೋಡಿ

ಮುಂಬೈನ ಫ್ಲ್ಯಾಟ್ ಇರಲಿ, ಚೆನ್ನೈನ ಮಹಡಿ ಇರಲಿ, ಕನ್ನಡಿಗರ ಬಾಲ್ಕನಿಯಲ್ಲಿ ಸಾಮಾನ್ಯವಾಗಿ ಒಂದು ಕರಿಬೇವಿನ ಕುಂಡ ಇರುತ್ತದೆ. ಪಕ್ಕದಲ್ಲಿ ಎರಡು ಮೆಣಸಿನ ಗಿಡ, ಒಂದು ಟೊಮೆಟೊ, ಒಂದಿಷ್ಟು ದೊಡ್ಡಪತ್ರೆ. ಊರಿನಿಂದ ಬರುವಾಗ ಮಡಿಲಲ್ಲಿ ಇಟ್ಟುಕೊಂಡು ತಂದ ಸಸಿ ಒಂದು ದಿನ ಹಳದಿಯಾಗತೊಡಗಿದರೆ ಮನೆಯವರು ಮೊದಲು ಮಾಡುವುದು ಒಂದು ಚೊಂಬು ನೀರು ಹೆಚ್ಚಿಗೆ ಹಾಕುವುದು. ಅದಕ್ಕೂ ಚೇತರಿಸದಿದ್ದರೆ ಒಂದು ಹಿಡಿ ಗೊಬ್ಬರ. ಎಷ್ಟೋ ಗಿಡಗಳು ಸಾಯುವುದು ಮೊದಲಿನ ತೊಂದರೆಯಿಂದಲ್ಲ, ಈ ಚಿಕಿತ್ಸೆಯಿಂದ.

ಹಳದಿ ಎಲೆ ಎಂಬುದು ಜ್ವರವಿದ್ದಂತೆ. ಅದೇ ಕಾಯಿಲೆಯಲ್ಲ, ಕಾಯಿಲೆಯ ಸೂಚನೆ. ನೀರು ಹೆಚ್ಚಾದರೂ ಎಲೆ ಹಳದಿ, ಕಡಿಮೆಯಾದರೂ ಹಳದಿ, ಪೋಷಕಾಂಶ ಸಾಲದಿದ್ದರೂ ಹಳದಿ. ವ್ಯತ್ಯಾಸ ಗುರುತಿಸಲು ಪ್ರಯೋಗಾಲಯ ಬೇಕಿಲ್ಲ. ಒಂದು ಬೆರಳು, ಎರಡು ಕಣ್ಣು ಮತ್ತು ಸ್ವಲ್ಪ ತಾಳ್ಮೆ ಸಾಕು.

ಮೊದಲ ಪರೀಕ್ಷೆ ನೀರಿನದು

ತೋರುಬೆರಳನ್ನು ಎರಡು ಗೆಣ್ಣಿನವರೆಗೆ, ಅಂದರೆ ಸುಮಾರು 5 ಸೆಂ.ಮೀ. ಆಳಕ್ಕೆ ಮಣ್ಣಿನೊಳಗೆ ಇಳಿಸಬೇಕು. ಮೇಲೆ ಒಣಗಿದಂತೆ ಕಂಡರೂ ಒಳಗೆ ಹಸಿಯಿದ್ದರೆ ಆ ದಿನ ನೀರು ಬೇಡ. ಒಳಗೂ ಒಣಗಿದ್ದರೆ ಮಾತ್ರ ನೀರು. ಇನ್ನೊಂದು ಉಪಾಯ, ಕುಂಡವನ್ನು ಎತ್ತಿ ತೂಕ ನೋಡುವುದು. ನೀರು ಹಾಕಿದ ತಕ್ಷಣ ಒಮ್ಮೆ, ಒಣಗಿದಾಗ ಒಮ್ಮೆ ಎತ್ತಿ ನೋಡಿದರೆ ನಾಲ್ಕೇ ದಿನದಲ್ಲಿ ಕೈಗೆ ಅಂದಾಜು ಸಿಗುತ್ತದೆ.

ಗೊಂದಲ ಹುಟ್ಟುವುದು ಗಿಡ ಬಾಡಿದಾಗ. ನೀರು ಕಡಿಮೆಯಾದರೂ ಗಿಡ ಬಾಡುತ್ತದೆ, ಹೆಚ್ಚಾದರೂ ಬಾಡುತ್ತದೆ. ಬೇರಿಗೂ ಉಸಿರಾಟವಿದೆ. ಮಣ್ಣಿನ ಕಣಗಳ ನಡುವಿನ ಸಂದುಗಳಲ್ಲಿ ಸದಾ ನೀರೇ ತುಂಬಿದ್ದರೆ ಬೇರಿಗೆ ಆಮ್ಲಜನಕ ಸಿಗದೆ ಅದು ಕೊಳೆಯುತ್ತದೆ. ಕೊಳೆತ ಬೇರು ನೀರನ್ನು ಹೀರಲಾರದು. ಹೀಗಾಗಿ ನೀರಿನಲ್ಲೇ ನಿಂತಿದ್ದರೂ ಗಿಡ ಬಾಯಾರಿ ಸೊರಗುತ್ತದೆ. ಮಣ್ಣು ಹಸಿ, ಎಲೆ ಜೋತುಬಿದ್ದಿದೆ, ಮೇಲ್ಭಾಗದಲ್ಲಿ ಪಾಚಿ, ಸುತ್ತ ಸಣ್ಣ ಕಪ್ಪು ನೊಣಗಳ ಹಾರಾಟ ಎಂದಾದರೆ ನೀರು ಅತಿಯಾಗಿದೆ ಎಂದೇ ಅರ್ಥ.

ಅನುಮಾನ ಉಳಿದರೆ ಗಿಡವನ್ನು ಮಣ್ಣಿನ ಮುದ್ದೆಸಮೇತ ನಿಧಾನವಾಗಿ ಹೊರತೆಗೆದು ನೋಡಬಹುದು. ಆರೋಗ್ಯವಂತ ಬೇರು ಬಿಳಿ ಅಥವಾ ತಿಳಿ ಬಣ್ಣದ್ದು, ಗಟ್ಟಿಯಾಗಿರುತ್ತದೆ. ಕೊಳೆತದ್ದು ಕಂದು, ಮೆತ್ತಗೆ, ಕೆಟ್ಟ ವಾಸನೆಯದು. ಕೊಳೆತ ಭಾಗ ಕತ್ತರಿಸಿ, ನೀರು ಸರಾಗವಾಗಿ ಬಸಿಯುವ ಹೊಸ ಮಣ್ಣಿಗೆ ಬದಲಾಯಿಸಿ, ಕೆಲ ದಿನ ನೆರಳಿನಲ್ಲಿ ಇಡಬೇಕು. ಆ ಹೊತ್ತಿನಲ್ಲಿ ಗೊಬ್ಬರ ಖಂಡಿತ ಬೇಡ.

ನೀರು ಸಾಲದ ಕುಂಡದ ಲಕ್ಷಣ ಬೇರೆ. ಕುಂಡ ಹಗುರವಾಗಿರುತ್ತದೆ, ಎಲೆ ಮುಟ್ಟಿದರೆ ಗರಿಗರಿ, ಮಣ್ಣು ಅಂಚಿನಿಂದ ಬಿಟ್ಟುಕೊಂಡಿರುತ್ತದೆ. ಹಾಕಿದ ನೀರು ಆ ಬಿರುಕಿನಲ್ಲೇ ಇಳಿದು ಕೆಳಗಿನ ತೂತಿನಿಂದ ಹೊರಬರುತ್ತದೆ, ಬೇರಿಗೆ ತಲುಪುವುದಿಲ್ಲ. ಮಣ್ಣು ಒಮ್ಮೆ ಪೂರ್ತಿ ಒಣಗಿದರೆ ಸುಲಭಕ್ಕೆ ನೀರು ಹಿಡಿಯುವುದಿಲ್ಲ. ಇಂಥ ಕುಂಡವನ್ನು ಬಕೆಟ್ಟಿನ ನೀರಿನಲ್ಲಿ ಅರ್ಧ ಗಂಟೆ ಕೂರಿಸಿ, ಆಮೇಲೆ ಬಸಿಯಲು ಬಿಟ್ಟರೆ ಒಳಗಿನವರೆಗೆ ನೆನೆಯುತ್ತದೆ.

ದೆಹಲಿ, ಹೈದರಾಬಾದ್‌ನ ಬೇಸಿಗೆಯಲ್ಲಿ ಮಧ್ಯಾಹ್ನ ಎಲೆ ಜೋತುಬಿದ್ದು ಸಂಜೆಗೆ ತಾನೇ ನಿಂತರೆ ಗಾಬರಿ ಬೇಡ. ಅದು ಬಿಸಿಲಿಗೆ ಗಿಡ ತೋರುವ ಪ್ರತಿಕ್ರಿಯೆ. ಬೆಳಗ್ಗೆಯೂ ಬಾಡಿಕೊಂಡೇ ಇದ್ದರೆ ಮಾತ್ರ ಮಣ್ಣು ಪರೀಕ್ಷಿಸಬೇಕು.

ಹಳದಿ ಎಲ್ಲಿ ಶುರುವಾಯಿತು?

ನೀರು ಸರಿಯಿದೆ ಎಂದು ಖಾತ್ರಿಯಾದ ಮೇಲೆ ಪೋಷಕಾಂಶದ ವಿಚಾರ. ಇಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಹಳದಿ ಶುರುವಾದದ್ದು ಕೆಳಗಿನ ಹಳೆಯ ಎಲೆಯಲ್ಲೋ, ತುದಿಯ ಚಿಗುರಿನಲ್ಲೋ?

ಸಾರಜನಕ, ರಂಜಕ, ಪೊಟ್ಯಾಶಿಯಂ, ಮೆಗ್ನೀಸಿಯಂ ಗಿಡದೊಳಗೆ ಓಡಾಡಬಲ್ಲ ಪೋಷಕಾಂಶಗಳು. ಕೊರತೆಯಾದಾಗ ಗಿಡ ಅವುಗಳನ್ನು ಹಳೆಯ ಎಲೆಯಿಂದ ಕಿತ್ತು ಚಿಗುರಿಗೆ ಕಳುಹಿಸುತ್ತದೆ. ಹಾಗಾಗಿ ಲಕ್ಷಣ ಮೊದಲು ಕೆಳಗಿನ ಎಲೆಯಲ್ಲಿ ಕಾಣುತ್ತದೆ. ಕಬ್ಬಿಣ, ಕ್ಯಾಲ್ಸಿಯಂ, ಬೋರಾನ್ ಹಾಗೆ ಓಡಾಡುವುದಿಲ್ಲ. ಹಳೆಯ ಎಲೆ ಹಸಿರಾಗಿಯೇ ಉಳಿದು, ಹೊಸದಾಗಿ ಬರುವ ಚಿಗುರು ಸೊರಗುತ್ತದೆ.

ಕೆಳಗಿನ ಎಲೆ ನರಸಮೇತ ಒಂದೇ ಸಮ ಹಳದಿಯಾಗಿ ಉದುರುತ್ತಿದ್ದರೆ ಸಾರಜನಕದ ಕೊರತೆ. ಬರೀ ಕೊಕೊಪೀಟಿನಲ್ಲಿ ನೆಟ್ಟ ಗಿಡಗಳಲ್ಲಿ ಇದು ಸಾಮಾನ್ಯ, ಏಕೆಂದರೆ ಅದರಲ್ಲಿ ಆಹಾರ ಇಲ್ಲವೆನ್ನುವಷ್ಟು ಕಡಿಮೆ. ಎರೆಗೊಬ್ಬರ ಅಥವಾ ನೆನೆಸಿ ತಿಳಿಯಾಗಿಸಿದ ಕಡಲೆಕಾಯಿ ಹಿಂಡಿ ನೀರು ಸಾಕು. ಯೂರಿಯಾದಲ್ಲಿ ಶೇ. 46ರಷ್ಟು ಸಾರಜನಕವಿದೆ. ಹೊಲದ ಲೆಕ್ಕದ ಈ ಗೊಬ್ಬರವನ್ನು ಸಣ್ಣ ಕುಂಡಕ್ಕೆ ಹಿಡಿಗಟ್ಟಲೆ ಹಾಕಿದರೆ ಬೇರು ಸುಡುತ್ತದೆ.

ಹಳೆಯ ಎಲೆಯ ಅಂಚು ಮಾತ್ರ ಸುಟ್ಟಂತೆ ಕಂದಾಗುತ್ತಿದ್ದರೆ ಪೊಟ್ಯಾಶಿಯಂ ಕೊರತೆ ಇರಬಹುದು. ನರ ಹಸಿರಾಗಿದ್ದು ನಡುವಿನ ಭಾಗ ಹಳದಿಯಾಗಿದ್ದರೆ ಮೆಗ್ನೀಸಿಯಂ. ಅದಕ್ಕೆ ಒಂದು ಲೀಟರ್ ನೀರಿಗೆ 5 ಗ್ರಾಂ ಎಪ್ಸಮ್ ಸಾಲ್ಟ್ ಕರಗಿಸಿ ಸಂಜೆ ಎಲೆಗೆ ಸಿಂಪಡಿಸಬಹುದು. ದೆಹಲಿಯ ಚಳಿಗಾಲದಲ್ಲಿ ಟೊಮೆಟೊ ಎಲೆಯ ತಳಭಾಗ ನೇರಳೆ ಬಣ್ಣಕ್ಕೆ ತಿರುಗಿದರೆ ಮಣ್ಣಿನಲ್ಲಿ ರಂಜಕ ಇಲ್ಲವೆಂದೇ ಅಲ್ಲ. ತಣ್ಣಗಿನ ಮಣ್ಣಿನಿಂದ ಬೇರು ಅದನ್ನು ಹೀರಲಾಗದು. ಬಿಸಿಲು ಬಂದರೆ ಸರಿಹೋಗುತ್ತದೆ. ಕರಿಬೇವು ಕೂಡ ಆ ಚಳಿಯಲ್ಲಿ ಬೆಳವಣಿಗೆ ನಿಲ್ಲಿಸಿ ಎಲೆ ಉದುರಿಸುವುದುಂಟು. ಆಗ ನೀರು ಕಡಿಮೆ ಮಾಡಿ ಕಾಯುವುದೇ ಮದ್ದು.

ಕರಿಬೇವಿಗೆ ಹುಳಿ ಮಜ್ಜಿಗೆ ಏಕೆ?

ಕರಿಬೇವಿನ ಚಿಗುರು ಹಳದಿಯಾಗಿ, ನರಗಳು ಮಾತ್ರ ಹಸಿರು ಗೆರೆಯಂತೆ ಕಾಣುತ್ತಿದ್ದರೆ ಅದು ಕಬ್ಬಿಣದ ಕೊರತೆಯ ಗುರುತು. ವಿಚಿತ್ರವೆಂದರೆ ಬಹಳ ಸಲ ಮಣ್ಣಿನಲ್ಲಿ ಕಬ್ಬಿಣ ಇರುತ್ತದೆ, ಗಿಡಕ್ಕೆ ಸಿಗುವುದಿಲ್ಲ. ಚೆನ್ನೈ, ಹೈದರಾಬಾದ್‌ನ ಬೋರ್‌ವೆಲ್ ನೀರು ಅನೇಕ ಕಡೆ ಗಡಸು. ಅದನ್ನೇ ಹಾಕುತ್ತಾ ಹೋದರೆ ಮಣ್ಣು ಕ್ಷಾರವಾಗುತ್ತದೆ. ಕ್ಷಾರ ಮಣ್ಣಿನಲ್ಲಿ ಕಬ್ಬಿಣ ಕರಗದ ರೂಪಕ್ಕೆ ತಿರುಗಿ ಬೇರಿನ ಕೈಗೆ ಸಿಗದಂತಾಗುತ್ತದೆ.

ಹಿರಿಯರು ಕರಿಬೇವಿನ ಬುಡಕ್ಕೆ ಹುಳಿ ಮಜ್ಜಿಗೆ ಹಾಕುತ್ತಿದ್ದುದರ ಹಿಂದೆ ತರ್ಕವಿದೆ. ಮಜ್ಜಿಗೆಯ ಆಮ್ಲ ಬೇರಿನ ಸುತ್ತ ಕ್ಷಾರವನ್ನು ಸ್ವಲ್ಪ ಇಳಿಸುತ್ತದೆ. ಆದರೆ ಚೆನ್ನಾಗಿ ನೀರು ಬೆರೆಸಿರಬೇಕು, ಉಪ್ಪು ಹಾಕಿರಬಾರದು. ಕೊರತೆ ಜೋರಾಗಿದ್ದರೆ ಮಜ್ಜಿಗೆಯೊಂದೇ ಸಾಲದು. ನರ್ಸರಿಯಲ್ಲಿ ಸಿಗುವ ಚೀಲೇಟೆಡ್ ಐರನ್ ಅನ್ನು ಪ್ಯಾಕೆಟ್ಟಿನ ಮೇಲಿನ ಅಳತೆಯಂತೆ ಕೊಡಬೇಕು. ಸಾಧ್ಯವಾದಾಗಲೆಲ್ಲ ಮಳೆನೀರು ಹಿಡಿದು ಹಾಕುವುದು ಒಳ್ಳೆಯದು.

ನೀರು ಉಳಿಸುವ ಸದುದ್ದೇಶದಿಂದ ಆರ್‌ಒ ಯಂತ್ರದಿಂದ ಹೊರಬರುವ ನೀರನ್ನು ದಿನವೂ ಕುಂಡಕ್ಕೆ ಸುರಿಯುವ ಮನೆಗಳಿವೆ. ಆ ನೀರಿನಲ್ಲಿ ಲವಣ ಸಾಂದ್ರವಾಗಿರುತ್ತದೆ. ಮಣ್ಣಿನ ಮೇಲೆ, ಕುಂಡದ ಅಂಚಿನಲ್ಲಿ ಬಿಳಿ ಪದರ ಕಟ್ಟಿ, ಎಲೆಯ ತುದಿ ಸುಡುತ್ತಿದ್ದರೆ ಲವಣ ಹೆಚ್ಚಾಗಿದೆ. ಇದು ಅತಿ ಗೊಬ್ಬರದ ಲಕ್ಷಣವೂ ಹೌದು. ಕುಂಡದ ಗಾತ್ರದ ಎರಡು ಮೂರು ಪಟ್ಟು ಒಳ್ಳೆಯ ನೀರನ್ನು ನಿಧಾನವಾಗಿ ಸುರಿದು ಕೆಳಗಿನಿಂದ ಹರಿದುಹೋಗಲು ಬಿಟ್ಟರೆ ಲವಣ ತೊಳೆದುಹೋಗುತ್ತದೆ. ಆರ್‌ಒ ನೀರನ್ನು ನೆಲ ಒರೆಸಲು ಬಳಸುವುದೇ ಲೇಸು.

ಟೊಮೆಟೊ ತಳ ಕಪ್ಪಾದರೆ

ಟೊಮೆಟೊ ಕಾಯಿಯ ತಳಭಾಗ ಕಪ್ಪಾಗಿ ಒಳಕ್ಕೆ ಕುಸಿಯುವುದು ಕ್ಯಾಲ್ಸಿಯಂ ಸಾಲದ್ದರಿಂದ. ಅದಕ್ಕಾಗಿ ಮೊಟ್ಟೆಯ ಸಿಪ್ಪೆ ಹಾಕುವುದು ರೂಢಿ. ಆದರೆ ಸಿಪ್ಪೆ ಕರಗಲು ಬಹಳ ಕಾಲ ಬೇಕು, ಈ ಫಸಲಿಗೆ ಅದರ ಉಪಯೋಗವಿಲ್ಲ. ಕ್ಯಾಲ್ಸಿಯಂ ಗಿಡದೊಳಗೆ ಸಾಗುವುದೇ ನೀರಿನ ಜೊತೆ. ಮೂರು ದಿನ ಒಣಗಿಸಿ ನಾಲ್ಕನೇ ದಿನ ಕೊಡಗಟ್ಟಲೆ ಸುರಿದರೆ ಮಣ್ಣಿನಲ್ಲಿ ಎಷ್ಟು ಕ್ಯಾಲ್ಸಿಯಂ ಇದ್ದರೂ ಕಾಯಿಗೆ ತಲುಪುವುದಿಲ್ಲ. ಬುಡಕ್ಕೆ ಒಣ ಎಲೆಯ ಹೊದಿಕೆ ಹಾಕಿ, ತೇವ ಏರುಪೇರಾಗದಂತೆ ನೋಡಿಕೊಂಡರೆ ಮುಂದಿನ ಕಾಯಿಗಳು ಸರಿಯಾಗಿ ಬರುತ್ತವೆ.

ಮೆಣಸಿನ ಗಿಡದ ಎಲೆ ಮುಟುರಿಕೊಂಡಿದ್ದರೆ ಗೊಬ್ಬರದ ಕೊರತೆ ಎಂದುಕೊಳ್ಳುವ ಮೊದಲು ಎಲೆ ತಿರುಗಿಸಿ ನೋಡಬೇಕು. ಥ್ರಿಪ್ಸ್ ಮತ್ತು ನುಸಿಗಳು ಅಲ್ಲಿ ಅಡಗಿ ರಸ ಹೀರುತ್ತಿರುತ್ತವೆ. ಇದಕ್ಕೆ ಮದ್ದು ಬೇವಿನ ಎಣ್ಣೆ, ಗೊಬ್ಬರವಲ್ಲ.

ಒಂದು ಸಲಕ್ಕೆ ಒಂದೇ ಬದಲಾವಣೆ

ಮುಂಬೈ, ಪುಣೆಯ ಮಳೆಗಾಲಕ್ಕೆ ಮುನ್ನ ಕುಂಡದ ತಳದ ತೂತುಗಳು ಕಟ್ಟಿಕೊಂಡಿಲ್ಲವೇ ಎಂದು ನೋಡಿ, ಕೆಳಗಿನ ತಟ್ಟೆಗಳನ್ನು ತೆಗೆದಿಡಬೇಕು. ತಳಕ್ಕೆ ಜಲ್ಲಿಕಲ್ಲು ಹಾಕಿದರೆ ನೀರು ಚೆನ್ನಾಗಿ ಬಸಿಯುತ್ತದೆ ಎಂಬ ನಂಬಿಕೆ ಸರಿಯಲ್ಲ. ಕಲ್ಲಿನ ಪದರದ ಮೇಲೆಯೇ ಮಣ್ಣಿನಲ್ಲಿ ನೀರು ನಿಲ್ಲುತ್ತದೆ, ಬೇರಿಗೆ ಸಿಗುವ ಜಾಗವೂ ಕಡಿಮೆಯಾಗುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು, ಒಂದೇ ದಿನ ನೀರು, ಗೊಬ್ಬರ, ಜಾಗ ಮೂರನ್ನೂ ಬದಲಾಯಿಸಬಾರದು. ಹಾಗೆ ಮಾಡಿದರೆ ಗಿಡ ಚೇತರಿಸಿದರೂ, ಸತ್ತರೂ ಕಾರಣ ತಿಳಿಯುವುದಿಲ್ಲ. ಒಂದು ಬದಲಾವಣೆ ಮಾಡಿ ಹತ್ತು ಹದಿನೈದು ದಿನ ಕಾಯಬೇಕು. ಪೂರ್ತಿ ಹಳದಿಯಾದ ಅಥವಾ ಸುಟ್ಟ ಎಲೆ ಮತ್ತೆ ಹಸಿರಾಗುವುದು ಅಪರೂಪ, ಅದನ್ನು ನೋಡಿ ನಿರಾಶರಾಗಬೇಕಿಲ್ಲ. ಹೊಸ ಚಿಗುರು ಹಸಿರಾಗಿ ಬಂದರೆ ಗಿಡ ಉಳಿಯಿತು ಎಂದೇ ಲೆಕ್ಕ.