ಹೊಸ ಉಪಕರಣವನ್ನು ಕಂಪ್ಯೂಟರು ಗುರುತಿಸುವ ಬಗೆ

ಈ ಕಾಲದಲ್ಲಿ ನಮ್ಮ ಹಳೆಯ ವಿದ್ಯಾರ್ಥಿನಿಯರ ಅನೇಕ ಮನೆಗಳಲ್ಲಿ ಕಂಪ್ಯೂಟರು ಇರುವುದು. ಮಗಳು ಪಾಠದ ಟಿಪ್ಪಣಿಗಳನ್ನು ತುಂಬಿಸಿಕೊಂಡ ಪೆನ್ ಡ್ರೈವನ್ನು ತಂದು ಅದರ ಕಿಂಡಿಗೆ ಸಿಕ್ಕಿಸುವಳು; ಎರಡು ಮೂರು ಕ್ಷಣಗಳೊಳಗೆ ಅದರ ಹೆಸರು ಪರದೆಯ ಮೇಲೆ ಮೂಡುವುದು. ತಂದೆಯವರು ಹೊಸ ಮೌಸನ್ನು ತಂದು ಸೇರಿಸುವರು. ಅದು ಕೂಡಲೇ ಕೆಲಸಮಾಡತೊಡಗುವುದು. ಇದು ನಮಗೆ ಎಷ್ಟು ರೂಢಿಯಾಗಿ ಹೋಗಿದೆಯೆಂದರೆ, ಆ ಎರಡು ಮೂರು ಕ್ಷಣಗಳಲ್ಲಿ ಒಳಗೆ ನಡೆದದ್ದೇನೆಂದು ಕೇಳುವವರೇ ಕಡಿಮೆ. ಆದರೆ ಕೇಳುವುದು ಅವಶ್ಯ. ಯಾಕಂದರೆ ಆ ಅಲ್ಪ ಕಾಲದಲ್ಲಿ ಕಂಪ್ಯೂಟರು ಒಬ್ಬ ಅಪರಿಚಿತನನ್ನು ಬಾಗಿಲೊಳಗೆ ಕರೆದು, ಅವನು ತನ್ನ ವಿಷಯವಾಗಿ ಹೇಳಿದ ಮಾತನ್ನು ನಂಬಿ, ಅವನಿಗೆ ಸ್ಥಳವನ್ನೂ ಅಧಿಕಾರವನ್ನೂ ಕೊಡುವುದು. ಈ ಏರ್ಪಾಡು ಹೇಗೆ ಹುಟ್ಟಿತು, ಅದರಿಂದ ನಮಗಾದ ಅನುಕೂಲವೇನು, ಅದರಲ್ಲಿ ಅಡಗಿರುವ ಅಪಾಯವೇನು ಎಂಬುದನ್ನು ಇಲ್ಲಿ ಸಂಕ್ಷೇಪವಾಗಿ ವಿವರಿಸುವೆವು.

ಕಂಪ್ಯೂಟರನ್ನು ಆಳುವ ಮೂಲ ಕಾರ್ಯಕ್ರಮಕ್ಕೆ ಆಪರೇಟಿಂಗ್ ಸಿಸ್ಟಮ್ ಎಂದು ಹೆಸರು. ಅದರ ಒಳಗಿನ ಮುಖ್ಯ ಭಾಗವೇ ಕರ್ನಲ್. ಇದು ಸೈನ್ಯದ ಕರ್ನಲನ ಹೆಸರಲ್ಲ. ತಿರುಳು ಎಂಬ ಅರ್ಥವುಳ್ಳ ಬೇರೆ ಮಾತು. ಈ ಕರ್ನಲನ್ನು ನಮ್ಮ ಬೋರ್ಡಿಂಗಿನ ಮೇಟ್ರನ್ ಅಮ್ಮನವರಿಗೆ ಹೋಲಿಸಬಹುದು. ಹೊಸ ಹುಡುಗಿಯು ಬೋರ್ಡಿಂಗಿಗೆ ಬಂದರೆ ಅವಳಿಗೊಂದು ಹಾಸಿಗೆಯ ಸ್ಥಳ ಬೇಕು, ಅವಳನ್ನು ಕರೆಯುವುದಕ್ಕೂ ಅವಳು ಕರೆಯುವುದಕ್ಕೂ ಒಂದು ಗೊತ್ತಾದ ರೀತಿ ಬೇಕು, ಅವಳ ಭಾಷೆಯನ್ನು ಬಲ್ಲವರೊಬ್ಬರು ಬೇಕು. ಉಪಕರಣದ ಸಂಗತಿಯೂ ಹಾಗೆಯೇ. ಕರ್ನಲು ಅದಕ್ಕೆ ಮಾತಾಡಲು ಒಂದು ವಿಳಾಸವನ್ನು ಕೊಡಬೇಕು. ಅದಕ್ಕೆ ಕೆಲಸ ಬಿದ್ದಾಗ ಕರ್ನಲಿನ ಗಮನವನ್ನು ಸೆಳೆಯಲು ಒಂದು ಕರೆಗಂಟೆಯ ತಂತಿ ಬೇಕು. ಅದರ ಭಾಷೆಯನ್ನು ಬಲ್ಲ ಡ್ರೈವರ್ ಎಂಬ ಚಿಕ್ಕ ಕಾರ್ಯಕ್ರಮವೂ ಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಉಪಕರಣವು ಇದ್ದೂ ಇಲ್ಲದಂತೆಯೇ ಸರಿ.

ಮೊದಲಲ್ಲಿ ಇವುಗಳನ್ನು ಹಂಚುವ ಹೊಣೆಯು ಕಂಪ್ಯೂಟರಿನ ಒಡೆಯನ ಮೇಲೆಯೇ ಇತ್ತು. ೧೯೮೧ರಲ್ಲಿ ಐ.ಬಿ.ಎಂ. ಕಂಪೆನಿಯವರು ಹೊರತಂದ ಪಿ.ಸಿ.ಯಲ್ಲಿ ಕರೆಗಂಟೆಯ ತಂತಿಗಳು ೮ ಮಾತ್ರ. ೧೯೮೪ರ ಎ.ಟಿ. ಎಂಬ ಮಾದರಿಯಲ್ಲಿ ಅವು ೧೬ ಆದರೂ, ಎರಡು ಗುಂಪುಗಳನ್ನು ಜೋಡಿಸುವುದಕ್ಕೆ ಒಂದು ವೆಚ್ಚವಾಗಿ ೧೫ ಉಳಿದವು. ಅವುಗಳಲ್ಲಿಯೂ ಗಡಿಯಾರ, ಕೀಬೋರ್ಡ್, ಫ್ಲಾಪಿ ಮುಂತಾದವುಗಳಿಗೆ ಮೊದಲೇ ಗೊತ್ತಾದವು ಹಲವು. ಹೊಸ ಕಾರ್ಡನ್ನು ಸೇರಿಸಬೇಕೆಂಬವನು ಪೆಟ್ಟಿಗೆಯನ್ನು ಬಿಚ್ಚಿ, ಕಾರ್ಡಿನ ಮೇಲಿದ್ದ ಜಂಪರ್ ಎಂಬ ಅತಿ ಚಿಕ್ಕ ಟೋಪಿಗಳನ್ನು ಒಂದು ಕಡ್ಡಿಯಿಂದ ತೆಗೆದು ಇನ್ನೊಂದಕ್ಕೆ ತೊಡಿಸಿ, ತಂತಿಯ ಸಂಖ್ಯೆಯನ್ನು ತಾನೇ ನಿಶ್ಚಯಿಸಬೇಕಾಗಿತ್ತು. ಎರಡು ಕಾರ್ಡುಗಳು ಒಂದೇ ತಂತಿಯನ್ನು ಹಿಡಿದರೆ ಕೆಲಸ ಕೆಡುತ್ತಿತ್ತು. ಉದಾಹರಣೆಗೆ, ಒಂದನೆಯ ಮತ್ತು ಮೂರನೆಯ ಸೀರಿಯಲ್ ದ್ವಾರಗಳೆರಡಕ್ಕೂ ರೂಢಿಯಲ್ಲಿ ೪ನೆಯ ತಂತಿಯೇ ಗೊತ್ತಾಗಿತ್ತು. ಒಂದರಲ್ಲಿ ಮೌಸನ್ನೂ ಇನ್ನೊಂದರಲ್ಲಿ ಟೆಲಿಫೋನಿನ ಮೋಡೆಮನ್ನೂ ಇಟ್ಟವನು, ಮೋಡೆಮು ಮಾತಾಡತೊಡಗಿದೊಡನೆ ಮೌಸು ಮರಗಟ್ಟಿ ನಿಲ್ಲುವುದನ್ನು ಕಾಣುತ್ತಿದ್ದನು. ಕಾರಣವನ್ನು ಹೇಳುವವರಿರಲಿಲ್ಲ, ಯಾಕಂದರೆ ಆ ಕಾರ್ಡುಗಳು ಮೂಕವಾಗಿದ್ದವು. ತಾವು ಯಾರು, ತಮಗೇನು ಬೇಕು ಎಂದು ಹೇಳುವ ಶಕ್ತಿಯು ಅವುಗಳಿಗಿರಲಿಲ್ಲ.

ಆದುದರಿಂದ ಕಾರ್ಡುಗಳಿಗೆ ಮಾತು ಕಲಿಸುವುದೇ ಇದಕ್ಕೆ ಪರಿಹಾರವಾಯಿತು. ೧೯೮೭ರಲ್ಲಿ ಐ.ಬಿ.ಎಂ.ನವರು ಮೈಕ್ರೋ ಚಾನೆಲ್ ಎಂಬ ಹೊಸ ಏರ್ಪಾಡಿನಲ್ಲಿ ಜಂಪರುಗಳನ್ನು ಬಿಟ್ಟರು. ಆದರೆ ಅದು ಎಲ್ಲರ ಯಂತ್ರಗಳಿಗೂ ಹರಡಲಿಲ್ಲ. ೧೯೯೩ರಲ್ಲಿ ಇಂಟೆಲ್ ಮತ್ತು ಮೈಕ್ರೋಸಾಫ್ಟ್ ಕಂಪೆನಿಗಳು ಹಳೆಯ ಐ.ಎಸ್.ಎ. ಮಾದರಿಯ ಕಾರ್ಡುಗಳಿಗಾಗಿ ಒಂದು ನಿಯಮಾವಳಿಯನ್ನು ಪ್ರಕಟಿಸಿದವು. ಇದಕ್ಕೆ ಪ್ಲಗ್ ಅಂಡ್ ಪ್ಲೇ ಎಂದು ಹೆಸರು. ಸಿಕ್ಕಿಸು, ನಡೆಯಿಸು ಎಂದು ಇದರ ತಾತ್ಪರ್ಯ. ೧೯೯೫ನೆಯ ಆಗಸ್ಟ್ ೨೪ರಂದು ಹೊರಬಂದ ವಿಂಡೋಸ್ ೯೫ ಇದನ್ನು ಮನೆಮನೆಗೆ ಮುಟ್ಟಿಸಿತು.

ಈ ನಿಯಮಾವಳಿಯಲ್ಲಿ ಒಂದು ಅಂದವಾದ ಯುಕ್ತಿಯಿರುವುದು. ಕಾರ್ಡುಗಳೆಲ್ಲವೂ ಒಂದೇ ತಂತಿಗಳ ಸಾಲಿಗೆ ಕೂಡಿಕೊಂಡಿರುವವು. ಅವು ಎಷ್ಟೆಂದು ಕರ್ನಲು ಅರಿಯದು. "ನೀವು ಯಾರು?" ಎಂದು ಕೇಳಿದರೆ ಎಲ್ಲವೂ ಒಮ್ಮೆಗೇ ಕೂಗಿ ಗದ್ದಲವಾಗುವುದು. ಇದನ್ನು ತಪ್ಪಿಸುವುದಕ್ಕಾಗಿ ಪ್ರತಿಯೊಂದು ಕಾರ್ಡಿಗೂ ಸೊನ್ನೆ ಮತ್ತು ಒಂದು ಎಂಬ ಅಂಕಗಳಿಂದಲೇ ಬರೆದ ೭೨ ಅಂಕಗಳ ಗುರುತನ್ನು ಕೊಟ್ಟರು. ೬೪ ಅಂಕಗಳು ಅದರ ಹೆಸರು, ೮ ಅಂಕಗಳು ತಪ್ಪನ್ನು ಕಂಡುಹಿಡಿಯುವುದಕ್ಕೆ. ಒಂದು ಕಂಪ್ಯೂಟರಿನೊಳಗಿನ ಎರಡು ಕಾರ್ಡುಗಳ ಗುರುತು ಒಂದೇ ಆಗಬಾರದೆಂಬುದು ನಿಯಮ. ಕರ್ನಲು ಒಂದೊಂದೇ ಅಂಕವನ್ನು ಕೇಳುತ್ತ ಹೋಗುವುದು. ಆ ಸ್ಥಾನದಲ್ಲಿ ಒಂದು ಎಂಬ ಅಂಕವುಳ್ಳ ಕಾರ್ಡು ಗೊತ್ತಾದ ಸಂಜ್ಞೆಯನ್ನು ಕೊಡುವುದು. ಸೊನ್ನೆಯುಳ್ಳದ್ದು ಸುಮ್ಮನಿದ್ದು ಕಿವಿಗೊಡುವುದು. ಹಾಗೆ ಕಿವಿಗೊಟ್ಟಾಗ ಬೇರೊಂದರ ಸಂಜ್ಞೆಯು ಕೇಳಿಬಂದರೆ ಅದು ತಾನಾಗಿ ಹಿಂದೆ ಸರಿದು ಮುಂದಿನ ಸರದಿಯನ್ನು ಕಾಯುವುದು. ೭೨ ಪ್ರಶ್ನೆಗಳು ಮುಗಿಯುವಾಗ ಉಳಿಯುವುದು ಒಂದೇ ಕಾರ್ಡು. ಅದಕ್ಕೆ ಒಂದು ಸಂಖ್ಯೆಯನ್ನು ಕೊಟ್ಟು ಕೂರಿಸಿ, ಮಿಕ್ಕವುಗಳೊಂದಿಗೆ ಪುನಃ ಆರಂಭಿಸುವರು. ಹೀಗೆ ಯಾರೊಬ್ಬರ ಮೇಲೂ ಯಾರೊಬ್ಬರೂ ಕೂಗದೆ ಹಾಜರಿಯು ಪೂರ್ತಿಯಾಗುವುದು.

ಹಾಜರಿಯಾದ ಮೇಲೆ ಪ್ರತಿಯೊಂದು ಕಾರ್ಡೂ ತನ್ನ ಬೇಡಿಕೆಯನ್ನು ತಿಳಿಸುವುದು: "ನನಗೆ ೫, ೭, ೧೦ ಈ ತಂತಿಗಳಲ್ಲಿ ಯಾವುದಾದರೂ ಸಾಕು, ವಿಳಾಸವು ಇಂಥ ಇಂಥವುಗಳಲ್ಲಿ ಒಂದಾಗಲಿ" ಎಂಬುದಾಗಿ. ಕರ್ನಲು ಎಲ್ಲರ ಬೇಡಿಕೆಗಳನ್ನೂ ಮುಂದಿಟ್ಟುಕೊಂಡು, ಒಬ್ಬರದು ಇನ್ನೊಬ್ಬರಿಗೆ ತಗಲದಂತೆ ಹಂಚುವುದು. ೧೯೯೧ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿಯಾಗಿದ್ದ ಲಿನುಸ್ ಟೊರ್ವಾಲ್ಡ್ಸ್ ಎಂಬವರು ಆರಂಭಿಸಿದ ಲಿನಕ್ಸ್ ಕರ್ನಲಿನಲ್ಲಿ ಈ ಹಂಚಿಕೆಯು ಮೊದಲು ಇರಲಿಲ್ಲ. ಹೊರಗಿನ ಒಂದು ಚಿಕ್ಕ ಕಾರ್ಯಕ್ರಮವು ಕಾರ್ಡುಗಳ ಬೇಡಿಕೆಗಳನ್ನು ಬರೆದು ಕೊಡುತ್ತಿತ್ತು; ಒಡೆಯನು ಆ ಪಟ್ಟಿಯನ್ನು ಓದಿ, ತಕ್ಕ ಸಾಲುಗಳನ್ನು ಆರಿಸಿ, ತಿದ್ದಿಡಬೇಕಾಗಿತ್ತು. ೨೦೦೧ರ ಜನವರಿಯಲ್ಲಿ ಬಂದ ೨.೪ನೆಯ ಆವೃತ್ತಿಯಲ್ಲಿ ಈ ಕೆಲಸವನ್ನು ಕರ್ನಲೇ ವಹಿಸಿಕೊಂಡಿತು.

ಆದರೂ ಆರಂಭದ ವರ್ಷಗಳಲ್ಲಿ ಎಲ್ಲವೂ ಸುಸೂತ್ರವಾಗಿರಲಿಲ್ಲ. ಮಾತು ಕಲಿತ ಕಾರ್ಡುಗಳ ನಡುವೆ ಹಳೆಯ ಮೂಕ ಕಾರ್ಡೊಂದು ಕುಳಿತರೆ ಹಂಚಿಕೆಯು ಕೆಡುತ್ತಿತ್ತು. ಡ್ರೈವರಿನಲ್ಲಿ ದೋಷವಿದ್ದರೂ ಕೆಡುತ್ತಿತ್ತು. ೧೯೯೮ನೆಯ ಎಪ್ರಿಲ್ ೨೦ರಂದು ಷಿಕಾಗೋ ಪಟ್ಟಣದಲ್ಲಿ ಬಿಲ್ ಗೇಟ್ಸರ ಸಮಕ್ಷಮದಲ್ಲಿಯೇ ವಿಂಡೋಸ್ ೯೮ರ ಪ್ರದರ್ಶನ ನಡೆಯುತ್ತಿದ್ದಾಗ, ಒಂದು ಸ್ಕ್ಯಾನರನ್ನು ಸಿಕ್ಕಿಸಿದೊಡನೆ ಯಂತ್ರವು ನಿಂತುಹೋಗಿ ನೀಲಿ ಪರದೆಯು ಕಾಣಿಸಿತು, ಸಭೆಯು ನಕ್ಕಿತು. ಆ ಕಾಲದ ಜನರು ಪ್ಲಗ್ ಅಂಡ್ ಪ್ಲೇ ಎಂಬುದನ್ನು ಪ್ಲಗ್ ಅಂಡ್ ಪ್ರೇ, ಎಂದರೆ ಸಿಕ್ಕಿಸಿ ಪ್ರಾರ್ಥಿಸು ಎಂದು ಹಾಸ್ಯಮಾಡುತ್ತಿದ್ದರು. ಪ್ರಾರ್ಥನೆಯು ಒಳ್ಳೆಯದೇ, ಆದರೆ ಎಂಜಿನಿಯರನು ಮಾಡಬೇಕಾದ ಕೆಲಸಕ್ಕೆ ಅದನ್ನು ಬದಲಾಗಿ ಇಡುವುದು ಯುಕ್ತವಲ್ಲ.

ಆ ಕೆಲಸವನ್ನು ಸುಲಭಗೊಳಿಸಿದವು ಎರಡು. ಮೊದಲನೆಯದು ೧೯೯೨ರಲ್ಲಿ ಇಂಟೆಲಿನವರು ಪ್ರಕಟಿಸಿದ ಪಿ.ಸಿ.ಐ. ಎಂಬ ಏರ್ಪಾಡು. ಇದರಲ್ಲಿ ಪ್ರತಿಯೊಂದು ಉಪಕರಣಕ್ಕೂ ೨೫೬ ಬೈಟುಗಳ ಒಂದು ಪರಿಚಯಪತ್ರವಿರುವುದು. ಅದರ ಮೊದಲಲ್ಲಿಯೇ ತಯಾರಿಸಿದವರ ಸಂಖ್ಯೆ, ಆ ಬಳಿಕ ಉಪಕರಣದ ಸಂಖ್ಯೆ. ಇಂಟೆಲಿನವರು ತಮ್ಮ ೧೯೭೮ರ ಪ್ರಸಿದ್ಧ ಚಿಪ್ಪಿನ ನೆನಪಾಗುವಂತೆ ೮೦೮೬ ಎಂಬ ಸಂಖ್ಯೆಯನ್ನು ಇಟ್ಟುಕೊಂಡಿರುವರು. ಒಂದೇ ಕರೆಗಂಟೆಯನ್ನು ಹಲವು ಉಪಕರಣಗಳು ಹಂಚಿಕೊಳ್ಳುವುದಕ್ಕೂ ಇದರಲ್ಲಿ ಅಪ್ಪಣೆಯುಂಟಾದ್ದರಿಂದ ಹಿಂದಿನ ಜಗಳವು ಬಹಳಮಟ್ಟಿಗೆ ಅಡಗಿತು.

ಎರಡನೆಯದು ೧೯೯೬ರ ಜನವರಿಯಲ್ಲಿ ಬಂದ ಯು.ಎಸ್.ಬಿ. ನಮ್ಮ ಮಗಳು ಪೆನ್ ಡ್ರೈವನ್ನು ಸಿಕ್ಕಿಸುವ ಕಿಂಡಿಯು ಇದೇ. ಇದರಲ್ಲಿ ಕಂಪ್ಯೂಟರನ್ನು ನಿಲ್ಲಿಸದೆಯೇ ಉಪಕರಣವನ್ನು ಸೇರಿಸಬಹುದು, ತೆಗೆಯಬಹುದು. ಸಿಕ್ಕಿಸಿದೊಡನೆ ತಂತಿಯೊಂದರ ವೋಲ್ಟೇಜು ಏರುವುದು. ಅದರಿಂದ ಯಾರೋ ಬಂದರೆಂದು ತಿಳಿಯುವುದು. ಹೊಸದಾಗಿ ಬಂದವರೆಲ್ಲರ ವಿಳಾಸವೂ ಸೊನ್ನೆ. ಕರ್ನಲು ಆ ವಿಳಾಸದಲ್ಲಿ ಮಾತಾಡಿಸಿ, ೧ರಿಂದ ೧೨೭ರ ವರೆಗಿನ ಬಿಡುವಾದ ಒಂದು ಸಂಖ್ಯೆಯನ್ನು ಕೊಟ್ಟು, ೧೮ ಬೈಟುಗಳ ಪರಿಚಯಪತ್ರವನ್ನು ತರಿಸಿಕೊಳ್ಳುವುದು. ಆ ಮೇಲೆ ಉಪಕರಣವು ತಾನು ಯಾವ ವರ್ಗದ್ದೆಂದು ಹೇಳುವುದು. ಕೀಬೋರ್ಡು, ಮೌಸುಗಳಿಗೆ ೩ನೆಯ ವರ್ಗ. ಪೆನ್ ಡ್ರೈವುಗಳಿಗೆ ೮ನೆಯ ವರ್ಗ. ಕರ್ನಲು ತನ್ನ ದಫ್ತರದಲ್ಲಿ ಆ ವರ್ಗಕ್ಕೆ ತಕ್ಕ ಡ್ರೈವರನ್ನು ಹುಡುಕಿ ನೇಮಿಸುವುದು. ಇಷ್ಟೂ ಆ ಎರಡು ಮೂರು ಕ್ಷಣಗಳ ಕೆಲಸ.

ಈಗ ಅಪಾಯದ ಮಾತಿಗೆ ಬರೋಣ. ಮೇಲಿನದನ್ನು ಲಕ್ಷ್ಯವಿಟ್ಟು ಓದಿದವರಿಗೆ ಒಂದು ಸಂಗತಿಯು ತೋರಿರಬಹುದು: ಈ ಏರ್ಪಾಡೆಲ್ಲವೂ ಉಪಕರಣವು ತನ್ನ ವಿಷಯವಾಗಿ ತಾನೇ ಹೇಳುವ ಸಾಕ್ಷಿಯ ಮೇಲೆ ನಿಂತಿರುವುದು. ಕಣ್ಣು ಮಂಜಾದ ಇಸಾಕನು ಮೇಕೆಯ ಚರ್ಮವನ್ನು ಸುತ್ತಿದ ಕೈಗಳನ್ನು ಮುಟ್ಟಿನೋಡಿ ಯಾಕೋಬನನ್ನು ಏಸಾವನೆಂದು ಆಶೀರ್ವದಿಸಿದ ಕಥೆಯನ್ನು ನಮ್ಮ ಹುಡುಗಿಯರೆಲ್ಲರೂ ಬಲ್ಲರು. ಇಸಾಕನಿಗಾದರೂ ಧ್ವನಿಯ ವಿಷಯದಲ್ಲಿ ಸಂಶಯ ಹುಟ್ಟಿತು. ಕರ್ನಲಿಗೆ ಸಾಮಾನ್ಯವಾಗಿ ಅಷ್ಟೂ ಹುಟ್ಟುವುದಿಲ್ಲ. ೨೦೧೪ರ ಆಗಸ್ಟಿನಲ್ಲಿ ಲಾಸ್ ವೇಗಸ್ ಪಟ್ಟಣದ ಒಂದು ಸಮ್ಮೇಳನದಲ್ಲಿ ಬರ್ಲಿನಿನ ಕಾರ್ಸ್ಟನ್ ನೋಲ್ ಮತ್ತು ಯಾಕೋಬ್ ಲೆಲ್ ಎಂಬ ಸಂಶೋಧಕರು ಇದನ್ನು ಪ್ರತ್ಯಕ್ಷವಾಗಿ ತೋರಿಸಿದರು. ಪೆನ್ ಡ್ರೈವಿನ ಒಳಗಿನ ಚಿಪ್ಪನ್ನು ನಡೆಯಿಸುವ ಆಜ್ಞೆಗಳನ್ನು ತಿದ್ದಿದರೆ, ಅದು "ನಾನು ಕೀಬೋರ್ಡು" ಎಂದು ಹೇಳಿಕೊಳ್ಳಬಲ್ಲುದು. ಕರ್ನಲು ಅದನ್ನು ಕೀಬೋರ್ಡೆಂದೇ ಸೇರಿಸಿಕೊಳ್ಳುವುದು. ಬಳಿಕ ಅದು ಒಡೆಯನೇ ಬೆರಳಾಡಿಸಿದಂತೆ ಬೇಕಾದ ಆಜ್ಞೆಗಳನ್ನು ಕ್ಷಣಮಾತ್ರದಲ್ಲಿ ಒತ್ತಿಬಿಡುವುದು. ವೈರಸ್ಸನ್ನು ಹುಡುಕುವ ಕಾರ್ಯಕ್ರಮಗಳು ಪೆನ್ ಡ್ರೈವಿನ ಕಡತಗಳನ್ನು ನೋಡುವವೇ ಹೊರತು ಆ ಚಿಪ್ಪಿನ ಆಜ್ಞೆಗಳನ್ನು ನೋಡಲಾರವು.

ಇದು ದೂರದ ಮಾತೆಂದು ಉದಾಸೀನ ಮಾಡಬಾರದು. ಅಮೇರಿಕದ ಇಲಿನಾಯ್ ವಿಶ್ವವಿದ್ಯಾಲಯದ ಆವರಣದಲ್ಲಿ ಸಂಶೋಧಕರು ೨೯೭ ಪೆನ್ ಡ್ರೈವುಗಳನ್ನು ಅಲ್ಲಲ್ಲಿ ಬೀಳಿಸಿ ಪರೀಕ್ಷಿಸಿದರು. ಇದರ ವರದಿಯು ೨೦೧೬ರಲ್ಲಿ ಪ್ರಕಟವಾಯಿತು. ಅವುಗಳಲ್ಲಿ ನೂರಕ್ಕೆ ೪೫ಕ್ಕೆ ಕಡಿಮೆಯಿಲ್ಲದಷ್ಟನ್ನು ಜನರು ತಮ್ಮ ಕಂಪ್ಯೂಟರಿಗೆ ಸಿಕ್ಕಿಸಿ ತೆರೆದು ನೋಡಿದರು. ಮೊದಲನೆಯದನ್ನು ಸಿಕ್ಕಿಸಲು ೬ ನಿಮಿಷಗಳೂ ಹಿಡಿಯಲಿಲ್ಲ. ಸಿಕ್ಕಿಸಿದವರು ಓದುಬರಹ ಬಲ್ಲವರೇ ಆಗಿದ್ದರು.

ಆದಕಾರಣ ತಾಯಿತಂದೆಗಳು ಮನೆಯಲ್ಲಿ ಕೆಲವು ನಿಯಮಗಳನ್ನು ಪಾಲಿಸುವುದು ಒಳ್ಳೆಯದು. ದಾರಿಯಲ್ಲಿ ಸಿಕ್ಕಿದ, ಅಥವಾ ಯಾರದೆಂದು ತಿಳಿಯದ ಪೆನ್ ಡ್ರೈವನ್ನು, ಒಡೆಯನಾರೆಂದು ತಿಳಿಯುವ ಸದುದ್ದೇಶದಿಂದಲೂ ಸಿಕ್ಕಿಸಬಾರದು. ಪೆನ್ ಡ್ರೈವನ್ನು ಸಿಕ್ಕಿಸಿದಾಗ ಹೊಸ ಕೀಬೋರ್ಡು ಬಂದಿದೆಯೆಂದು ಪರದೆಯು ತಿಳಿಸಿದರೆ ಕೂಡಲೇ ಕಿತ್ತುಬಿಡಬೇಕು. ಪ್ರಯಾಣದಲ್ಲಿ ಫೋನಿಗೆ ವಿದ್ಯುತ್ತು ತುಂಬಿಸಲು ಅಪರಿಚಿತ ಯು.ಎಸ್.ಬಿ. ಕಿಂಡಿಗಿಂತ ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ಸ್ವಂತ ಚಾರ್ಜರನ್ನು ಬಳಸುವುದು ಲೇಸು. ಶಾಲೆ, ಕಚೇರಿಗಳಲ್ಲಿ ಲಿನಕ್ಸನ್ನು ಬಳಸುವವರು, ಅಪ್ಪಣೆಯಿಲ್ಲದೆ ಯಾವ ಹೊಸ ಯು.ಎಸ್.ಬಿ. ಉಪಕರಣವನ್ನೂ ಸೇರಿಸಿಕೊಳ್ಳಬೇಡವೆಂದು ಕರ್ನಲಿಗೆ ಹೇಳಿಡಬಹುದು. ಆಗ ಬಂದವರು ಬಾಗಿಲಲ್ಲಿಯೇ ಕಾದು ನಿಲ್ಲುವರು.

ಜಂಪರುಗಳನ್ನು ತೊಡಿಸುತ್ತಿದ್ದ ಕಾಲದಲ್ಲಿ ಒಡೆಯನಿಗೆ ಶ್ರಮವಿತ್ತು. ಆದರೆ ತನ್ನ ಯಂತ್ರದೊಳಗೆ ಏನೇನು ಕುಳಿತಿದೆಯೆಂದು ಅವನಿಗೆ ಗೊತ್ತಿತ್ತು. ಇಂದು ಕರ್ನಲು ಆ ಶ್ರಮವನ್ನು ನಮ್ಮಿಂದ ತೆಗೆದುಕೊಂಡಿದೆ. ಯಾರನ್ನು ಒಳಗೆ ಬಿಡಬೇಕೆಂಬ ವಿವೇಚನೆಯನ್ನು ಮಾತ್ರ ಅದು ತೆಗೆದುಕೊಂಡಿಲ್ಲ; ಅದು ನಮ್ಮಲ್ಲಿಯೇ ಉಳಿದಿದೆ. ನಮ್ಮ ಶಾಲೆಯಿಂದ ಹೊರಟ ಹೆಣ್ಣುಮಕ್ಕಳು ಕಂಪ್ಯೂಟರನ್ನು ಬಳಸುವುದರಲ್ಲಿ ಮಾತ್ರವಲ್ಲದೆ ಅದನ್ನು ತಿಳಿಯುವುದರಲ್ಲಿಯೂ ಮುಂದಾಗಿ, ತಮ್ಮ ಮಕ್ಕಳಿಗೂ ಇದನ್ನು ಹೇಳಿಕೊಡಬೇಕೆಂಬುದೇ ನಮ್ಮ ಬಿನ್ನಹ.