ಬೆಳ್ಳಿ ತೀರಿಸಿದ ಸಾಲ

‘ಚೋಮನ ಪಾತ್ರವನ್ನು ವಿಮರ್ಶಿಸಿ’ ಅನ್ನೋ ಪ್ರಶ್ನೆ ನಮ್ಮ ಕಾಲೇಜುಗಳಿಗೆ ಬಹಳ ಹಳೆಯದು. ಉತ್ತರವೂ ಅಷ್ಟೇ ಹಳೆಯದು. ಚೋಮ ದುರಂತ ನಾಯಕ, ಮಣ್ಣಿನ ಹಂಬಲದವನು, ವಿಧಿಯ ಎದುರು ಸೋತವನು, ದುಡಿ ಅವನ ಒಡಲಿನ ದನಿ. ನೋಟ್ಸುಗಳಲ್ಲಿ ಹೀಗೇ ಇರುತ್ತದೆ, ಮಾರ್ಕೂ ಬೀಳುತ್ತದೆ. ಪೂರ್ತಿ ಸುಳ್ಳು ಅಂತ ಇದನ್ನು ತಳ್ಳಿಹಾಕಲಾಗದು. ಆದರೆ ‘ವಿಧಿ’ ಅನ್ನುವ ಒಂದು ಮಾತು ಒಳಗೆ ಬಂದ ಕೂಡಲೇ ಧಣಿ, ಸಾಲ, ಎಸ್ಟೇಟು, ಜಾತಿ ಎಲ್ಲವೂ ಹಿತ್ತಿಲ ಬಾಗಿಲಿಂದ ಸದ್ದಿಲ್ಲದೆ ಹೊರಟುಹೋಗುತ್ತವೆ. ದಲಿತ ವಿಮರ್ಶೆ ಮೊದಲು ಆ ಬಾಗಿಲಿಗೆ ಅಗುಳಿ ಹಾಕಬೇಕಾಗಿದೆ.

ಅದಕ್ಕೊಂದು ಸರಳ ದಾರಿ ಇದೆ. ಪಾತ್ರದ ಗೋಳು ಕೇಳುವ ಮೊದಲು ಪಾತ್ರದ ಲೆಕ್ಕ ಕೇಳಬೇಕು. ಇವನ ಹತ್ತಿರ ಏನಿದೆ, ಯಾರಿಗೆ ಎಷ್ಟು ಕೊಡಬೇಕು, ಕಡೆಗೆ ತೀರಿಸಿದವರು ಯಾರು? ಶಿವರಾಮ ಕಾರಂತರ ‘ಚೋಮನ ದುಡಿ’ (1933) ಕಾದಂಬರಿಯನ್ನೂ, ಅದನ್ನಾಧರಿಸಿ ಬಿ.ವಿ. ಕಾರಂತರು ಮಾಡಿದ ಸಿನಿಮಾವನ್ನೂ (1975) ಈ ಲೆಕ್ಕದಲ್ಲಿ ಓದಿ ನೋಡೋಣ.

ಚೋಮನ ಹತ್ತಿರ ಇರುವುದು ಕಾಡಿನಲ್ಲಿ ಸಿಕ್ಕಿ ಸಾಕಿಕೊಂಡ ಒಂದು ಜೊತೆ ಎತ್ತು, ಒಂದು ದುಡಿ, ಐದು ಮಕ್ಕಳು. ಇಲ್ಲದಿರುವುದು ಭೂಮಿ. ಹೊಲೆಯ ಸ್ವಂತಕ್ಕೆ ಉಳಬಾರದು ಅನ್ನುವುದು ಊರಿನ ಕಟ್ಟಳೆ. ಧಣಿ ಸಂಕಪ್ಪಯ್ಯ ಕ್ರೂರಿಯಲ್ಲ, ಅವನ ಮನಸ್ಸು ಒಂದಿಷ್ಟು ಮೆತ್ತಗಾಗುತ್ತದೆ ಕೂಡ. ಆದರೆ ಅವನ ತಾಯಿ ಬಿಡುವುದಿಲ್ಲ. ನಮ್ಮ ವಿಮರ್ಶಕರು ಈ ಮೆತ್ತನೆಯ ಧಣಿಯನ್ನು ಬಹಳ ಮೆಚ್ಚಿಕೊಂಡಿದ್ದಾರೆ. ಕಾರಂತರು ಯಾರನ್ನೂ ಖಳನಾಗಿಸಲಿಲ್ಲ, ಎಂಥ ಸಮಚಿತ್ತ ಅಂತ. ಕೇರಿಯ ಕಡೆಯಿಂದ ನೋಡಿದರೆ ಕಾಣುವುದೇ ಬೇರೆ. ಧಣಿ ಒಳ್ಳೆಯವನಾಗಿದ್ದೂ ಭೂಮಿ ಸಿಗಲಿಲ್ಲ ಅಂದಮೇಲೆ, ಚೋಮನಿಗೂ ಭೂಮಿಗೂ ನಡುವೆ ಇದ್ದದ್ದು ಯಾರದೋ ಕೆಟ್ಟ ಗುಣ ಅಲ್ಲ. ಕಾದಂಬರಿ ಇದನ್ನು ತೋರಿಸಿಬಿಟ್ಟಿದೆ. ನಾವು ಓದುವಾಗ ಕಂಡದ್ದು ಧಣಿಯ ಮರುಕ ಮಾತ್ರ.

ಸಿನಿಮಾ ಬಂದ ಹೊತ್ತನ್ನೂ ನೆನೆಯಬೇಕು. ‘ಉಳುವವನೇ ಹೊಲದೊಡೆಯ’ ಅನ್ನುವ ಭೂಸುಧಾರಣೆ ತಿದ್ದುಪಡಿ ಕರ್ನಾಟಕದಲ್ಲಿ ಜಾರಿಗೆ ಬಂದದ್ದು 1974ರ ಮಾರ್ಚಿಯಲ್ಲಿ. ದಕ್ಷಿಣ ಕನ್ನಡದಲ್ಲಿ ಗೇಣಿದಾರರು ದೊಡ್ಡ ಸಂಖ್ಯೆಯಲ್ಲಿ ಡಿಕ್ಲರೇಷನ್ ಕೊಟ್ಟು ಭೂಮಿ ಮಾಡಿಕೊಂಡರು. ಚೋಮ ಆಗ ಬದುಕಿದ್ದರೆ ಫಾರಂ ನಂಬರ್ 7 ತುಂಬಲು ಆಗುತ್ತಿತ್ತೆ? ಆಗುತ್ತಿರಲಿಲ್ಲ. ಅವನು ಗೇಣಿದಾರನಲ್ಲ, ಗೇಣಿಗೆ ಕೇಳಿದ್ದನ್ನೇ ಅವನಿಗೆ ಕೊಟ್ಟಿರಲಿಲ್ಲ. ಧಣಿಯ ಗದ್ದೆಯಲ್ಲಿ ಜೀವಮಾನವಿಡೀ ದುಡಿದವನು ಕಾನೂನಿನ ಕಣ್ಣಿಗೆ ‘ಉಳುವವನು’ ಆಗಲೇ ಇಲ್ಲ. 1975ರ ಅಕ್ಟೋಬರಿನಲ್ಲಿ ಜೀತ ರದ್ದತಿಯ ಸುಗ್ರೀವಾಜ್ಞೆಯೂ ಬಂತು. ಅದು ಸಾಲದ ಹಗ್ಗ ಬಿಚ್ಚಿತು, ಸರಿ. ಬಿಚ್ಚಿದ ಮೇಲೆ ನಿಲ್ಲಲು ನೆಲ? ಆ ವರ್ಷದ ಅತ್ಯುತ್ತಮ ಚಿತ್ರಕ್ಕೆ ಸ್ವರ್ಣಕಮಲ, ಚೋಮನಾದ ಎಂ.ವಿ. ವಾಸುದೇವರಾಯರಿಗೆ ಶ್ರೇಷ್ಠ ನಟ ಪ್ರಶಸ್ತಿ. ಸಿನಿಮಾ ನೋಡಿ ಕಣ್ಣೊರೆಸಿಕೊಂಡ ಎಷ್ಟು ಜನರಿಗೆ ಚೋಮ ಇನ್ನೂ ಕಾನೂನಿನ ಹೊರಗೇ ನಿಂತಿದ್ದಾನೆ ಅಂತ ಹೊಳೆದಿತ್ತೋ!

ಈಗ ಸಾಲದ ಲೆಕ್ಕಕ್ಕೆ ಬರೋಣ. ತೀರಿಸಲು ಮೊದಲು ಹೋದದ್ದು ಇಬ್ಬರು ದೊಡ್ಡ ಹುಡುಗರು, ಘಟ್ಟದ ಕಾಫಿ ತೋಟಕ್ಕೆ. ಒಬ್ಬ ರೋಗಕ್ಕೆ ಬಲಿಯಾದ, ಇನ್ನೊಬ್ಬ ಕ್ರೈಸ್ತರ ಹುಡುಗಿಯನ್ನು ಮದುವೆಯಾಗಿ ಆಚೆಗೇ ಉಳಿದ. ಆಮೇಲೆ ಹೋದವಳು ಮಗಳು ಬೆಳ್ಳಿ. ಅಲ್ಲಿ ತೋಟದ ರೈಟರ್ ಮನ್ವೇಲನ ಸಲಿಗೆ, ಅವನ ಮೇಲಿನ ಧಣಿಯ ಬಲಾತ್ಕಾರ. ಅದರ ಬದಲಿಗೆ ಸಾಲ ವಜಾ. ಬೆಳ್ಳಿ ಮನೆಗೆ ಬಂದು ಸಾಲ ತೀರಿತು ಅನ್ನುತ್ತಾಳೆ. ಹೇಗೆ ತೀರಿತು ಅಂತ ಹೇಳುವುದಿಲ್ಲ.

ನನ್ನ ಮಟ್ಟಿಗೆ ಇಡೀ ಕಥೆಯ ತಿರುಗಣಿ ಇದೇ, ಕೊನೆಯ ದುಡಿಯಲ್ಲ. ತಲೆಮಾರುಗಳಿಂದ ಗಂಡಸರ ಬೆವರಿನಿಂದ ತೀರದ ಸಾಲ ಒಬ್ಬ ಹೆಣ್ಣಿನ ಮೈಯಿಂದ ಒಂದೇ ಸಲಕ್ಕೆ ತೀರುತ್ತದೆ ಅಂದರೆ, ಆ ಸಾಲ ದುಡ್ಡಿನದಾಗಿರಲೇ ಇಲ್ಲ. ಮುಂದೆ ಮನ್ವೇಲನ ಜೊತೆ ಮಗಳನ್ನು ಕಂಡ ಚೋಮ ಹೊಡೆಯುವುದು ಬೆಳ್ಳಿಯನ್ನು, ಮನೆಯಿಂದ ಹೊರಗೆ ಹಾಕುವುದೂ ಅವಳನ್ನೇ. ಧಣಿಯ ಮೇಲೆ ಎತ್ತಲಾಗದ ಕೈ ಮಗಳ ಮೇಲೆ ಎದ್ದಿತು. ಚೋಮನನ್ನು ಪ್ರೀತಿಸುವ ನಾವೂ ಇದನ್ನು ಹೇಳಲೇಬೇಕು. ಮೇಲ್ಜಾತಿಯ ವಿಮರ್ಶೆ ಚೋಮನನ್ನು ವಿಧಿಗೆ ಕೊಟ್ಟು ಕೈತೊಳೆದುಕೊಂಡರೆ, ನಮ್ಮವರ ವಿಮರ್ಶೆ ಅವನನ್ನು ಹುತಾತ್ಮನನ್ನಾಗಿ ಮಾಡಿ ಬೆಳ್ಳಿಯನ್ನು ಮರೆತಿದೆ. ‘ಬೆಳ್ಳಿಯ ಪಾತ್ರವನ್ನು ವಿಮರ್ಶಿಸಿ’ ಅಂತ ಕೇಳಿದರೆ ಬರುವ ಉತ್ತರ ‘ದಾರಿ ತಪ್ಪಿದವಳು’, ಇಲ್ಲವೇ ‘ಅಸಹಾಯಕಳು’. ಸಾಲ ತೀರಿಸಿದವಳು ಅಂತ ಯಾಕೆ ಬರೆಯುವುದಿಲ್ಲ?

ಕಿರಿಯ ಮಗ ನೀರಲ್ಲಿ ಮುಳುಗಿ ಸಾಯುವ ಪ್ರಸಂಗ ಎಲ್ಲರಿಗೂ ನೆನಪಿದೆ. ಹೊಲೆಯರ ಹುಡುಗ ಅಂತ ಯಾರೂ ಮುಟ್ಟಿ ಎತ್ತಲಿಲ್ಲ. ಇದರ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಅದಾದ ಮೇಲೆ ಚೋಮ ಕ್ರೈಸ್ತನಾಗಲು ಹೊರಟು, ತನ್ನ ದೈವವನ್ನು ಬಿಡಲಾರದೆ ಅರ್ಧ ದಾರಿಯಿಂದ ವಾಪಸಾಗುತ್ತಾನೆ. ಕಾದಂಬರಿ ಅವನ ಮುಂದೆ ಇಟ್ಟದ್ದು ಎರಡೇ ಬಾಗಿಲು, ಒಂದು ಧಣಿಯದು, ಒಂದು ಪಾದ್ರಿಯದು. ಆದರೆ ಕುದ್ಮಲ್ ರಂಗರಾಯರು ಮಂಗಳೂರಿನಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದ್ದು 1897ರಲ್ಲಿ, ಅದೇ ಜಿಲ್ಲೆಯಲ್ಲಿ. ಬಾಬಾಸಾಹೇಬರು ಮಹಾಡದ ಕೆರೆಯ ನೀರು ಮುಟ್ಟಿದ್ದು 1927ರಲ್ಲಿ. ಮೂರನೆಯ ಬಾಗಿಲೊಂದು ಆಗಲೇ ತೆರೆದಿತ್ತು. ಅದರ ಸುದ್ದಿ ಚೋಮನ ಕಿವಿಗೆ ಬಿದ್ದಿದ್ದರೆ ಕಥೆ ದುಡಿಯಲ್ಲಿ ಮುಗಿಯುತ್ತಿತ್ತೋ ಇಲ್ಲವೋ. ಕಾರಂತರು ಹೀಗೆ ಬರೆಯಬೇಕಿತ್ತು ಅನ್ನುವ ತಕರಾರು ನನ್ನದಲ್ಲ. ಒಂದು ಪಾತ್ರದ ಸುತ್ತ ಏನನ್ನು ಬಿಡಲಾಗಿದೆ ಅಂತ ನೋಡುವುದೂ ಪಾತ್ರದ ಓದೇ ಅಲ್ಲವೆ?

ಕೊನೆಯಲ್ಲಿ ಚೋಮ ನೆಲ ಉಳುತ್ತಾನೆ, ಎತ್ತುಗಳನ್ನು ಕಾಡಿಗೆ ಅಟ್ಟುತ್ತಾನೆ, ಬಾಗಿಲು ಹಾಕಿಕೊಂಡು ಸಾಯುವ ತನಕ ದುಡಿ ಬಾರಿಸುತ್ತಾನೆ. ಆ ಉಳುಮೆ ಕಟ್ಟಳೆ ಮುರಿದ ಕೆಲಸ. ಆದರೂ ಎಲ್ಲರ ನೆನಪಿನಲ್ಲಿ ಉಳಿದದ್ದು ದುಡಿ. ಯಾಕೆಂದರೆ ಮುಚ್ಚಿದ ಬಾಗಿಲಿನ ಹಿಂದಿನ ಸಿಟ್ಟನ್ನು ಹೊರಗೆ ಕೂತವರು ಸಂಗೀತದ ಹಾಗೆ ಕೇಳಿಬಿಡಬಹುದು. ಸಿನಿಮಾ ಬಂದ 1975ರಲ್ಲೇ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಬಂತು, ಅಲ್ಲಿ ಸಿಟ್ಟು ಬೀದಿಗೇ ಇಳಿದಿತ್ತು. ಸಿನಿಮಾದಲ್ಲಿ ಅಂಥದ್ದನ್ನು ಕಾಣಲು ನಾವು ಬಹಳ ಕಾಯಬೇಕಾಯಿತು. 2013ರ ಮರಾಠಿ ಚಿತ್ರ ‘ಫಂಡ್ರಿ’ಯಲ್ಲಿ, ಕೆಳಜಾತಿಯಿಂದಲೇ ಬಂದ ನಾಗರಾಜ ಮಂಜುಳೆಯವರು ಹಂದಿ ಹಿಡಿಯುವ ಮನೆಯ ಹುಡುಗ ಜಬ್ಯಾನ ಕೈಗೆ ಕಲ್ಲು ಕೊಟ್ಟರು. ಕಡೆಗೆ ಆ ಕಲ್ಲು ನೇರ ಕ್ಯಾಮೆರಾದ ಕಡೆಗೆ, ಅಂದರೆ ಟಿಕೆಟ್ ಕೊಂಡು ಕೂತ ನಮ್ಮ ಕಡೆಗೇ ಬರುತ್ತದೆ. ಅದನ್ನು ಕೇಳಿ ತಲೆದೂಗಲು ಆಗುವುದಿಲ್ಲ, ತಲೆ ತಪ್ಪಿಸಿಕೊಳ್ಳಬೇಕು.

ಕನ್ನಡದಲ್ಲಿ ಲೆಕ್ಕವನ್ನೇ ತಿರುಗಿಸಿ ಬರೆದದ್ದು ದೇವನೂರ ಮಹಾದೇವರ ‘ಒಡಲಾಳ’. ಸಾಕವ್ವ ಕಳೆದುಹೋದ ತನ್ನ ಹುಂಜವನ್ನು ಹುಡುಕುತ್ತ ಊರೆಲ್ಲ ಅಲೆಯುತ್ತಾಳೆ. ಇಲ್ಲಿ ಬಾಕಿ ಕೇಳುವವಳು ಅವಳು. ರಂಗದ ಮೇಲೆ ಉಮಾಶ್ರೀಯವರ ಸಾಕವ್ವನನ್ನು ಕಂಡವರಿಗೆ ಆ ಗಂಟಲು ಗೊತ್ತಿರುತ್ತದೆ, ಶಾಪ ಹಾಕುವಾಗಲೂ ಅದರಲ್ಲಿ ದೈನ್ಯ ಇಲ್ಲ. ಸಾಹುಕಾರನ ಕಡಲೇಕಾಯಿ ಮೂಟೆ ಕೇರಿಯ ಆ ಗುಡಿಸಲಿಗೆ ಬರುತ್ತದೆ. ಮುದುಕಿ, ಮಕ್ಕಳು, ಮೊಮ್ಮಕ್ಕಳು ಎಲ್ಲರೂ ಬೆಂಕಿಯ ಸುತ್ತ ಕೂತು ರಾತ್ರಿಯೆಲ್ಲ ತಿನ್ನುತ್ತಾರೆ, ಮಾತು, ನಗು, ಜಗಳ ಎಲ್ಲ ನಡೆಯುತ್ತದೆ. ಬೆಳಿಗ್ಗೆ ಪೊಲೀಸರು ಬಂದು ಗುಡಿಸಲೆಲ್ಲ ಜಾಲಾಡುತ್ತಾರೆ. ಮಾಲು ಎಲ್ಲರ ಹೊಟ್ಟೆಯಲ್ಲಿದೆ.