ಟ್ರಾನ್ಸ್‌ಫಾರ್ಮರ್ ಸುರುಳಿಯ ರೋಧ: ಖರೀದಿಗೆ ಮುನ್ನ ಒಂದು ಅಳತೆ

ಹುಬ್ಬಳ್ಳಿಯ ವಿದ್ಯಾನಗರದಲ್ಲಿ 1947ರಲ್ಲಿ ಆರಂಭಗೊಂಡ ಬಿ.ವಿ. ಭೂಮರಡ್ಡಿ ಇಂಜಿನಿಯರಿಂಗ್ ಕಾಲೇಜು ಮುಂದೆ ಕೆ.ಎಲ್.ಇ. ತಾಂತ್ರಿಕ ವಿಶ್ವವಿದ್ಯಾಲಯವಾಯಿತು. ಇಂತಹ ಕಾಲೇಜುಗಳಲ್ಲಿ ವಿದ್ಯುತ್ ವಿಭಾಗದ ವಿದ್ಯಾರ್ಥಿಗಳು ಕಲಿಯುವ ಪ್ರಾಥಮಿಕ ಪಾಠಗಳಲ್ಲಿ ಅತ್ಯಲ್ಪ ರೋಧದ ಅಳತೆಯೂ ಒಂದು. ಆಂಪ್ಲಿಫೈಯರ್ ತಯಾರಿಸುವ ಸಣ್ಣ ಉದ್ದಿಮೆದಾರರಿಗೆ ಈ ಪಾಠ ನೇರವಾಗಿ ಹಣ ಉಳಿಸಿಕೊಡಬಲ್ಲದು.

ಆಂಪ್ಲಿಫೈಯರಿನ ದುಬಾರಿ ಬಿಡಿಭಾಗಗಳಲ್ಲಿ ಟ್ರಾನ್ಸ್‌ಫಾರ್ಮರ್ ಪ್ರಮುಖವಾದುದು. ಒಳಗಿನ ತಂತಿ ತಾಮ್ರವೋ ಅಲ್ಯುಮಿನಿಯಮ್ಮೋ, ನಿಗದಿತ ದಪ್ಪದ್ದೋ ಅಲ್ಲವೋ ಎಂಬುದು ಹೊರನೋಟಕ್ಕೆ ತಿಳಿಯದು. ಸಮಾನ ಉದ್ದ ಮತ್ತು ದಪ್ಪದಲ್ಲಿ ಅಲ್ಯುಮಿನಿಯಂ ತಂತಿಯ ರೋಧ ತಾಮ್ರದ ಸುಮಾರು 1.6 ಪಟ್ಟು. ತಾಮ್ರದ ತಂತಿಯ ವ್ಯಾಸ ಶೇ. 10ರಷ್ಟು ಕಡಿಮೆಯಾದರೆ ರೋಧ ಸುಮಾರು ಶೇ. 23ರಷ್ಟು ಏರುತ್ತದೆ, ಅಷ್ಟೇ ಪ್ರಮಾಣದಲ್ಲಿ ತಂತಿಯಲ್ಲಿ ಶಾಖವೂ ಹೆಚ್ಚುತ್ತದೆ.

ಆದರೆ ಸಾಮಾನ್ಯ ಮಲ್ಟಿಮೀಟರ್ ಇಲ್ಲಿ ಸಾಲದು. ದೊಡ್ಡ ಸುರುಳಿಯ ರೋಧ 0.05 ಓಮ್ ಇದ್ದರೆ, ಮೀಟರಿನ ತಂತಿಗಳ ರೋಧವೇ 0.2 ಓಮ್ ಇರಬಹುದು. ಆದುದರಿಂದ ನಾಲ್ಕು ತಂತಿಗಳ ವಿಧಾನ ಬೇಕು. ಎರಡು ತಂತಿಗಳಿಂದ 1 ಆಂಪಿಯರ್ ಏಕಮುಖ ವಿದ್ಯುತ್ ಹರಿಸಿ, ಬೇರೆ ಎರಡು ತಂತಿಗಳಿಂದ ಸುರುಳಿಯ ತುದಿಗಳಲ್ಲೇ ವೋಲ್ಟೇಜ್ ಅಳೆಯಬೇಕು. 50 ಮಿಲಿವೋಲ್ಟ್ ಬಂದರೆ ರೋಧ 0.05 ಓಮ್. ಪ್ರವಾಹವು ಸುರುಳಿಯ ಸಾಮರ್ಥ್ಯದ ಹತ್ತನೆಯ ಒಂದು ಭಾಗವನ್ನು ಮೀರದಿದ್ದರೆ ಅಳತೆಯ ವೇಳೆ ತಂತಿ ಕಾಯುವುದಿಲ್ಲ.

ಟ್ರಾನ್ಸ್‌ಫಾರ್ಮರನ್ನು ಮುಖ್ಯ ವಿದ್ಯುತ್ ಸಂಪರ್ಕದಿಂದ ಬೇರ್ಪಡಿಸಿಯೇ ಪರೀಕ್ಷಿಸಬೇಕು. ಪ್ರವಾಹ ಸ್ಥಿರವಾದ ಬಳಿಕ ಓದಬೇಕು. ಹಠಾತ್ತಾಗಿ ತಂತಿ ಕಳಚಿದರೆ ಅಧಿಕ ವೋಲ್ಟೇಜ್ ಹುಟ್ಟಿ ಆಘಾತವಾಗಬಹುದು. ಪ್ರವಾಹವನ್ನು ನಿಧಾನವಾಗಿ ಶೂನ್ಯಕ್ಕಿಳಿಸಿಯೇ ಸಂಪರ್ಕ ತೆಗೆಯತಕ್ಕದ್ದು.

ತಾಮ್ರದ ರೋಧ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು ಶೇ. 0.4ರಷ್ಟು ಏರುವುದರಿಂದ ಉಷ್ಣಾಂಶವನ್ನೂ ದಾಖಲಿಸಬೇಕು. ಬೆಳಗಿನ 20 ಡಿಗ್ರಿ ಹಾಗೂ ಮಧ್ಯಾಹ್ನದ 35 ಡಿಗ್ರಿಯ ನಡುವೆಯೇ ಶೇ. 6ರಷ್ಟು ವ್ಯತ್ಯಾಸ ಬರುತ್ತದೆ. ಇದೇ ಗುಣ ಇನ್ನೊಂದು ಪರೀಕ್ಷೆಗೂ ನೆರವಾಗುತ್ತದೆ. 25 ಡಿಗ್ರಿಯಲ್ಲಿ ಅಳೆದ ರೋಧವು ಪೂರ್ಣ ಹೊರೆಯಲ್ಲಿ ಕೆಲಸ ಮಾಡಿದ ಬಳಿಕ 1.2 ಪಟ್ಟಾದರೆ, ಸುರುಳಿಯ ಸರಾಸರಿ ಉಷ್ಣಾಂಶ ಸುಮಾರು 77 ಡಿಗ್ರಿ ಎಂದರ್ಥ. ಒಳಭಾಗದ ಕೆಲವೆಡೆ ಶಾಖ ಇದಕ್ಕಿಂತ ಹೆಚ್ಚಿರುತ್ತದೆ.

ಈ ಪರೀಕ್ಷೆಗೆ ಮಿತಿಯೂ ಉಂಟು. ಒಂದೆರಡು ಸುತ್ತುಗಳು ಪರಸ್ಪರ ತಗುಲಿದ ದೋಷ ಇದರಲ್ಲಿ ಕಾಣದಿರಬಹುದು. ಅದಕ್ಕೆ ಹೊರೆಯಿಲ್ಲದೆ ಚಾಲೂ ಮಾಡಿ ಪ್ರವಾಹ ನೋಡಬೇಕು. ದಪ್ಪ ಅಲ್ಯುಮಿನಿಯಂ ತಂತಿಯ ರೋಧ ತಾಮ್ರಕ್ಕೆ ಸರಿಹೊಂದಬಹುದು. ಆಗ ತೂಕ ಸುಳಿವು ನೀಡುತ್ತದೆ. ಆದ್ದರಿಂದ ಖರೀದಿ ಆದೇಶದಲ್ಲೇ 20 ಡಿಗ್ರಿಯಲ್ಲಿನ ರೋಧ, ಅನುಮತಿಸುವ ವ್ಯತ್ಯಾಸ ಮತ್ತು ತೂಕವನ್ನು ನಮೂದಿಸಿ, ಪ್ರತಿ ಸರಕಿನಿಂದ ಕೆಲವನ್ನು ಅಳೆದು ರಿಜಿಸ್ಟರಿನಲ್ಲಿ ಬರೆದಿಡುವುದು ಸೂಕ್ತ. ಸರಬರಾಜುದಾರರೊಡನೆ ತಕರಾರು ಬಂದಾಗ ಆ ದಾಖಲೆಯೇ ಆಧಾರವಾಗುತ್ತದೆ.